ಹಿಂದಿನ ಬಾಗಿಲಿನಿಂದ ನೋಡಿದ ಕಾರು

ಕಾರು ಕೊಳ್ಳಲು ಹೋದವರು ಮೊದಲು ಅದರ ಮುಖ ನೋಡುತ್ತಾರೆ. ಬಣ್ಣ ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ, ಸ್ಟೀರಿಂಗ್ ಹಿಡಿದು ಕೂತು ನೋಡುತ್ತಾರೆ. ದೊಡ್ಡ ನಾಯಿ ಸಾಕಿದವರು ನೇರ ಹಿಂದಕ್ಕೆ ನಡೆಯುತ್ತಾರೆ. ಡಿಕ್ಕಿಯ ಬಾಗಿಲು ಎತ್ತಿಸಿ, ಒಳಗೆ ತಲೆ ಹಾಕಿ, ಜೇಬಿನಿಂದ ಟೇಪು ತೆಗೆಯುತ್ತಾರೆ. ಸೀಟು ಮಡಚಿದರೆ ನೆಲ ಸಮವಾಗುತ್ತದೆಯೇ, ಚಕ್ರದ ಉಬ್ಬು ಎಷ್ಟು ಜಾಗ ತಿನ್ನುತ್ತದೆ, ಹಿಂದಿನ ಗಾಜು ಎಲ್ಲಿಂದ ಓರೆಯಾಗುತ್ತದೆ ಎಂದು ನೋಡುತ್ತ ಒಂದಿಡೀ ಮಧ್ಯಾಹ್ನ ಕಳೆಯುವುದೆಂದರೆ ನನಗೆ ಹಬ್ಬ.

ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ಬಿಜಲಿ ಮುಧೋಳದವಳು, ಗುಂಡ ಲ್ಯಾಬ್ರಡಾರ್. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಅರಸರು ಪೊರೆದು ಉಳಿಸಿದ ಬೇಟೆನಾಯಿಯ ತಳಿ ಬಿಜಲಿಯದು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವನ್ನು ಅಂಚೆಚೀಟಿಗೂ ತಂದಿತು. ಓಡಲೆಂದೇ ಮಾಡಿಟ್ಟ ಮೈ: ಆಳವಾದ ಎದೆ, ಒಳಕ್ಕೆ ಸರಿದ ಹೊಟ್ಟೆ, ಉದ್ದನೆಯ ಕಾಲು. ಕೂದಲು ತೆಳು, ಚರ್ಮದಡಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬರಿ ತಗಡಿನ ಮೇಲೆ ಮಲಗಿಸಿದರೆ ಮೊಣಕೈ ಒತ್ತಿ ಜಡ್ಡುಗಟ್ಟುತ್ತದೆ. ಗುಂಡ ಮೂವತ್ತೈದು ಕಿಲೋ ತೂಗುವ ಗಟ್ಟಿಮುಟ್ಟಾದ ಆಳು. ಅವಳಿಗೆ ಬೇಕಾದ್ದು ಎತ್ತರ, ಇವನಿಗೆ ಬೇಕಾದ್ದು ಅಗಲ. ಇಬ್ಬರಿಗೂ ಒಪ್ಪುವ ಒಂದು ಚೌಕವನ್ನು ಕಾರಿನೊಳಗೆ ಹುಡುಕುವುದೇ ನನ್ನ ಪ್ರೀತಿಯ ಕೆಲಸ.

ಶೋರೂಮಿಗೆ ಹೋಗುವ ಮೊದಲು ಮನೆಯಲ್ಲೇ ಅಳತೆ ತೆಗೆಯಬೇಕು. ನಾಯಿ ನಿಂತಾಗ ಮೂಗಿನಿಂದ ಬಾಲದ ಬುಡದವರೆಗೆ ಎಷ್ಟು, ಕೂತಾಗ ನೆಲದಿಂದ ನೆತ್ತಿಗೆ ಎಷ್ಟು, ಕಾಲು ಚಾಚಿ ಮಗ್ಗುಲಾಗಿ ಮಲಗಿದರೆ ಎಷ್ಟು. ನಾಯಿ ಮಲಗುವ ಮುಂಚೆ ಒಂದು ಸುತ್ತು ಹಾಕುತ್ತದಲ್ಲ, ಆ ಸುತ್ತಿಗೂ ಜಾಗ ಸಿಗಬೇಕು. ಕಂಪನಿಯವರು ಡಿಕ್ಕಿಯನ್ನು ಲೀಟರಿನಲ್ಲಿ ಹೇಳುತ್ತಾರೆ. ಸೂಟ್‌ಕೇಸ್ ಜೋಡಿಸುವವರಿಗೆ ಆ ಲೆಕ್ಕ ಸಾಕು. ನಾಯಿಗೆ ಉದ್ದ, ಅಗಲ, ಎತ್ತರ ಮೂರೂ ಬೇರೆಬೇರೆಯಾಗಿ ಬೇಕು.

ಈ ಅಳತೆ ಹಿಡಿದು ಹೊರಟರೆ ಸೆಡಾನ್ ಮೊದಲೇ ಬಿದ್ದುಹೋಗುತ್ತದೆ. ಅದರಲ್ಲಿ ಡಿಕ್ಕಿಯೇ ಬೇರೆ, ಕೂರುವ ಜಾಗವೇ ಬೇರೆ. ಒಂದು ನಾಯಿಗೆ ಹಿಂದಿನ ಸೀಟು ಸಾಕು, ಎರಡಕ್ಕೆ ಸಾಲದು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ತಯಾರಾದ ಓಮ್ನಿಯನ್ನು ನಾಯಿ ಸಾಕಿದ ಎಷ್ಟೋ ಜನ ಈಗಲೂ ನೆನೆಯುತ್ತಾರೆ. ನೆಲ ತಗ್ಗು, ಪಕ್ಕದ ಬಾಗಿಲು ಜಾರಿಸುವಂಥದು, ಗೋಡೆ ನೆಟ್ಟಗೆ. ನಾಯಿ ಹಾರಬೇಕಿಲ್ಲ, ಹೆಜ್ಜೆ ಇಟ್ಟರೆ ಒಳಗೆ. ಆದರೆ ಎಂಜಿನ್ ಮುಂದಿನ ಸೀಟಿನಡಿ ಇರುವುದರಿಂದ ಗುದ್ದನ್ನು ತಾಳಿಕೊಳ್ಳಲು ಮುಂದೆ ಬಾನೆಟ್ಟೇ ಇಲ್ಲ. ಹಳೆಯ ಸುಮೋ, ಬೊಲೆರೊಗಳಲ್ಲಿ ಹಿಂದೆ ಎದುರುಬದುರಾಗಿ ಮಡಚುವ ಸೀಟುಗಳಿರುತ್ತವೆ. ಮಡಚಿದರೆ ಅಚ್ಚುಕಟ್ಟಾದ ಚೌಕ ಕೋಣೆ, ಬಿಜಲಿಯ ತಲೆಗೆ ಛಾವಣಿ ತಾಗದು. ಆದರೆ ಚಾಸಿಯ ಮೇಲೆ ಕೂತ ಗಾಡಿಯಾದ್ದರಿಂದ ನೆಲ ಎತ್ತರ. ಅಲ್ಲಿಂದ ಹಾರಿ ಇಳಿಯುವಾಗ ಭಾರವೆಲ್ಲ ಮುಂಗಾಲಿನ ಕೀಲಿಗೆ ಬೀಳುತ್ತದೆ. ಲ್ಯಾಬ್ರಡಾರ್‌ಗಳಿಗೆ ಸೊಂಟದ, ಮೊಣಕೈಯ ಕೀಲಿನ ತೊಂದರೆ ವಂಶದಲ್ಲೇ ಬರುವುದುಂಟು; ವಯಸ್ಸಾದಂತೆ ಅದು ಕಾಡುತ್ತದೆ.

ಎಲ್ಲ ತೂಗಿ ನೋಡಿ ನಾನು ಒಪ್ಪಿದ್ದು ಎರ್ಟಿಗಾ, ಇನ್ನೋವಾ ಮಾದರಿಯ ಮೂರು ಸಾಲಿನ ಗಾಡಿಯನ್ನು. ಕೊನೆಯ ಸಾಲು ಮಡಚಿದರೆ ಇಬ್ಬರಿಗೆ ಕೋಣೆ ಸಿಗುತ್ತದೆ, ನಡುವಿನ ಸಾಲಿನಲ್ಲಿ ಮನೆಮಂದಿ ಕೂರುತ್ತಾರೆ. ತಂಪುಗಾಳಿ ಹಿಂದಿನವರೆಗೆ ತಲುಪಲು ನಡುವಿನ ಸಾಲಿಗೇ ಎಸಿ ಕಿಂಡಿಗಳಿರಬೇಕು. ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿದ ಸಿಎನ್‌ಜಿ ಗಾಡಿ ಎಷ್ಟೇ ಉಳಿತಾಯದ್ದಾದರೂ ನಮಗಲ್ಲ. ಏರಲು ಇಳಿಯಲು ಒಂದು ಹಲಗೆ ಮಾಡಿಸಿಕೊಂಡೆ: ಐದಡಿ ಉದ್ದದ ಪ್ಲೈವುಡ್, ಮೇಲೆ ಉಗುರು ಕಚ್ಚುವಂತೆ ರಬ್ಬರ್ ಮ್ಯಾಟ್. ಗುಂಡ ಅದರ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ನಡುವೆ ನಿಂತು ನನ್ನ ಮುಖ ನೋಡಿ, ಮತ್ತೆ ಮೇಲೇರುವುದನ್ನು ನೋಡುವುದೇ ಒಂದು ಸುಖ.

“ಇಷ್ಟೆಲ್ಲ ಪಾಡು ಯಾಕೋ? ಯಾರ ಹತ್ರಾನಾದ್ರೂ ಬಿಟ್ಟು ಬರಬಾರದಾ?” ಎಂದು ಊರಿನ ಚಿಕ್ಕಪ್ಪ ಕೇಳುತ್ತಾರೆ. ಸ್ವರ್ಗಕ್ಕೆ ಕರೆದೊಯ್ಯಲು ಇಂದ್ರ ರಥ ತಂದು ನಿಲ್ಲಿಸಿದಾಗ, ನಂಬಿ ಹಿಂದೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ ಧರ್ಮರಾಯನ ಕತೆಯನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದವರೂ ಅವರೇ. ಹತ್ತಿಸಿಕೊಳ್ಳುವುದು ಅರ್ಧ ಧರ್ಮ. ಹತ್ತಿಸಿಕೊಂಡವರನ್ನು ಕ್ಷೇಮವಾಗಿ ಇಳಿಸುವುದು ಉಳಿದರ್ಧ ಎಂದು ನಾನು ನಂಬಿದ್ದೇನೆ.

ಆ ಉಳಿದರ್ಧ ಶುರುವಾಗುವುದು ಬೆಲ್ಟಿನಿಂದ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಎಲ್ಲಿಗಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟಿತು ಎಂದುಕೊಳ್ಳಿ. ಒಳಗಿರುವ ಪ್ರತಿಯೊಂದೂ ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಗುಂಡನ ಲೆಕ್ಕದಲ್ಲಿ ಅದು ಏಳುನೂರು ಕಿಲೋ. ಐವತ್ತು ಕಿಲೋದ ಹದಿನಾಲ್ಕು ಅಕ್ಕಿಮೂಟೆ ಒಮ್ಮೆಲೇ ಬೆನ್ನಿಗೆ ಬಂದು ಬಡಿದಂತೆ. ಅವನೂ ಉಳಿಯುವುದಿಲ್ಲ, ಮುಂದೆ ಕೂತವರೂ ಉಳಿಯುವುದಿಲ್ಲ. ಮುಂದಿನ ಸೀಟಿನಲ್ಲಿ ನಾಯಿಯನ್ನು ಕೂರಿಸಿಕೊಳ್ಳುವುದು ಇನ್ನೂ ಅಪಾಯ: ದೊಡ್ಡವರ ಎದೆಗೆಂದು ಲೆಕ್ಕ ಹಾಕಿಟ್ಟ ಏರ್‌ಬ್ಯಾಗ್ ನಾಯಿಯ ಮುಖಕ್ಕೆ ಸಿಡಿಯುತ್ತದೆ. ಬ್ರಿಟನ್ನಿನ ಹೈವೇ ಕೋಡ್ 57ನೇ ನಿಯಮದಲ್ಲೇ ಕಾರಿನೊಳಗಿನ ನಾಯಿಯನ್ನು ತಕ್ಕಂತೆ ಕಟ್ಟಿರಬೇಕು ಎನ್ನುತ್ತದೆ. ನಮ್ಮಲ್ಲಿ ಯಾರೂ ಕೇಳದಿದ್ದರೂ ಬ್ರೇಕಿಗೆ ಎಲ್ಲ ದೇಶವೂ ಒಂದೇ.

ಕೊರಳಪಟ್ಟಿಗೆ ಹಗ್ಗ ಹಾಕಿ ಕಟ್ಟುವುದನ್ನು ಮಾತ್ರ ಎಂದೂ ಮಾಡಬಾರದು. ಬ್ರೇಕ್ ಒತ್ತಿದರೆ ಏಟೆಲ್ಲ ಕತ್ತಿಗೆ. ಎದೆಯ ಸುತ್ತ ಬರುವ ಅಗಲಪಟ್ಟಿಯ ಹಾರ್ನೆಸ್ ಬೇಕು, ಅದರ ಬೆನ್ನಿನ ಬಳೆಗೆ ಗಿಡ್ಡ ಬೆಲ್ಟು ಬೇಕು. ಎದ್ದು ನಿಲ್ಲಲು, ತಿರುಗಿ ಮಲಗಲು ಬೇಕಾದಷ್ಟು ಉದ್ದ, ಸೀಟು ದಾಟಿ ಬರಲಾಗದಷ್ಟು ಗಿಡ್ಡ. ಆ ಬೆಲ್ಟನ್ನು ಕಾರಿನ ಮೈಗೇ ಬೋಲ್ಟ್ ಮಾಡಿದ ಕೊಂಡಿಗೆ ಸಿಕ್ಕಿಸಬೇಕು, ಪ್ಲಾಸ್ಟಿಕ್ ಹಿಡಿಕೆಗಲ್ಲ. ನಮ್ಮ ಗಾಡಿಯಲ್ಲಿ ನಡುವಿನ ಸೀಟಿಗೂ ಹಿಂದಿನ ಕೋಣೆಗೂ ಮಧ್ಯೆ ಕಬ್ಬಿಣದ ಜಾಲರಿ ಇದೆ. ಇಬ್ಬರೂ ಹಿಂಬಾಗಿಲಿಗೆ ಅಂಟಿಕೊಳ್ಳದಂತೆ, ಆದಷ್ಟೂ ಜಾಲರಿಯ ಕಡೆಗೆ ಮಲಗುವಂತೆ ಹಾಸಿಗೆ ಹಾಸಿರುತ್ತೇನೆ. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಆ ಒಂದಡಿ ಜಾಗವೇ ಜೀವ ಉಳಿಸಬಹುದು.

ತೀರ್ಥಹಳ್ಳಿಯ ಕಡೆಗೆ ಹೊರಡುವ ದಿನ ಇಬ್ಬರಿಗೂ ಬೆಳಗಿನ ಊಟ ಇಲ್ಲ. ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮುಂಚೆಯೇ ಹೊಟ್ಟೆ ಹಗುರಾಗಿರಬೇಕು. ನಾಯಿಗೆ ಹೊಟ್ಟೆ ತೊಳಸುತ್ತಿದೆ ಎಂದು ವಾಂತಿಗೆ ಬಹಳ ಮುಂಚೆಯೇ ತಿಳಿಯುತ್ತದೆ: ತುಟಿ ನೆಕ್ಕಿಕೊಳ್ಳುತ್ತದೆ, ಮೇಲಿಂದ ಮೇಲೆ ಆಕಳಿಸುತ್ತದೆ, ಜೊಲ್ಲು ಎಳೆಯಾಗಿ ಇಳಿಯುತ್ತದೆ. ಬಿಜಲಿ ಮರಿಯಾಗಿದ್ದಾಗ ಹೀಗೇ ಇದ್ದಳು. ನಿಂತ ಕಾರಿನಲ್ಲಿ ಊಟ ಹಾಕಿ, ಆಮೇಲೆ ಎಂಜಿನ್ ಶುರುಮಾಡಿ, ಆಮೇಲೆ ಬೀದಿಯ ತುದಿಯವರೆಗೆ, ಆಮೇಲೆ ಕೆರೆ ಏರಿಯವರೆಗೆ ಎಂದು ಅಭ್ಯಾಸ ಮಾಡಿಸಿದ್ದು. ಕಾರು ಹತ್ತಿದಾಗಲೆಲ್ಲ ಡಾಕ್ಟರ ಸೂಜಿಯೇ ಎದುರಾದರೆ ಯಾವ ನಾಯಿ ತಾನೇ ಖುಷಿಯಿಂದ ಹತ್ತೀತು?

ಹೆದ್ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇವೆ. ಹಗ್ಗ ಕೈಗೆ ಬಂದ ಮೇಲೆಯೇ ಬಾಗಿಲು ತೆರೆಯುವುದು. ಮುಧೋಳದ ನಾಯಿಯ ಕಣ್ಣಿಗೆ ದೂರದಲ್ಲಿ ಏನೋ ಓಡುವುದು ಕಂಡರೆ ಮತ್ತೆ ಕೂಗಿ ಕರೆದು ಪ್ರಯೋಜನವಿಲ್ಲ. ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆ ಹಿಡಿಯುವುದಾದರೆ ಎಲ್ಲವನ್ನೂ ಮೊದಲೇ ಮುಗಿಸಿಕೊಳ್ಳಬೇಕು; ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಮಲೆನಾಡಿನಲ್ಲಿ ಕಾಲು ಚಾಚಿಸಿ ಬಂದ ಮೇಲೆ ಕಿವಿಯ ಸಂದು, ಬೆರಳಿನ ಸಂದುಗಳಲ್ಲಿ ಉಣುಗು ಹುಡುಕಿ ತೆಗೆದೇ ಒಳಗೆ ಹತ್ತಿಸುತ್ತೇನೆ. ಇನ್ನು, ಊಟಕ್ಕೆಂದು ಎಲ್ಲಿ ನಿಲ್ಲಿಸಿದರೂ ಮನೆಯವರಲ್ಲಿ ಒಬ್ಬರು ಇವರ ಜೊತೆ ಇರಲೇಬೇಕು. ಹೊರಗೆ 27 ಡಿಗ್ರಿ ಹಿತವಾದ ಹವೆ ಇದ್ದರೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ 37ರಷ್ಟು, ಅರ್ಧ ಗಂಟೆಯಲ್ಲಿ 45ರ ಆಸುಪಾಸು ಆಗುತ್ತದೆ. ಗಾಜು ಒಂದು ಬೆರಳು ಇಳಿಸಿಟ್ಟರೆ ಏನೂ ಸಾಲದು. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯುವ ಜೀವವಲ್ಲ ಅದು, ತೇಕಿಯೇ ತಣಿಯಬೇಕು. ನಾಲಿಗೆಯ ತುದಿ ಅಗಲವಾಗಿ ಚಪ್ಪಟೆಯಾಯಿತೆಂದರೆ ನೀರು, ನೆರಳು ಹುಡುಕುವ ಹೊತ್ತಾಯಿತೆಂದು ಅರ್ಥ.

ಇದೆಲ್ಲದರ ಮೇಲೆ ನಿಜವಾದ ಕಲೆ ಇರುವುದು ಓಡಿಸುವುದರಲ್ಲಿ. ನಾಯಿಗೆ ಹಿಡಿದುಕೊಳ್ಳಲು ಕೈಯಿಲ್ಲ. ಮುಂದೆ ತಿರುವು ಬರುತ್ತದೆ, ಹಂಪ್ ಬರುತ್ತದೆ ಎಂದು ಗೊತ್ತಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಾನು ಇಳಿಯುವುದು ಕನ್ನಡಿಯಲ್ಲಿ ಬಿಜಲಿಯ ಭುಜ ಗಮನಿಸುತ್ತ. ತಿರುವಿಗೆ ಮೊದಲೇ ಗೇರ್ ಇಳಿಸಿ, ಬ್ರೇಕನ್ನು ಮೆಲ್ಲನೆ ಒತ್ತಿ, ಸ್ಟೀರಿಂಗನ್ನು ಒಂದೇ ಹದದಲ್ಲಿ ತಿರುಗಿಸಿದರೆ ಅವಳ ಕಾಲು ಅಲುಗುವುದಿಲ್ಲ. ಅವಸರ ಪಟ್ಟರೆ ಉಗುರು ರಬ್ಬರನ್ನು ಕೆರೆಯುವ ಸದ್ದು ಕೇಳುತ್ತದೆ. ಆ ಸದ್ದು ಕೇಳದಂತೆ ಇಡೀ ಘಾಟಿ ಇಳಿದ ದಿನ ಮನಸ್ಸಿಗೆ ಬರುವ ತೃಪ್ತಿಯೇ ಬೇರೆ.

ಹೀಗೆ ಓಡಿಸಿದ್ದರ ಫಲ ನಾಯಿಗಳಿಗಷ್ಟೇ ಸಿಗುವುದಿಲ್ಲ. ಅಮ್ಮನಿಗೆ ಘಾಟಿ ಎಂದರೆ ತಲೆಸುತ್ತು. ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂರುವವಳು. ಈಗ ಅವಳೇ ಕೇಳುತ್ತಾಳೆ: “ಬಿಜಲಿ, ಗುಂಡ ಬರ್ತಾರೇನೋ? ಹಾಗಾದ್ರೆ ನಾನೂ ಬರ್ತೀನಪ್ಪ.” ನಾಯಿಗೆಂದು ಆರಿಸಿದ ತಗ್ಗು ನೆಲ ಅವಳ ಮಂಡಿಗೂ ಹಿತ, ನಾಯಿಗೆಂದು ನೋಡಿದ ಎಸಿ ಕಿಂಡಿ ಅವಳಿಗೂ ತಂಪು. ಮೈಲೇಜ್ ಎಷ್ಟು ಎಂದು ಕೇಳುವ ಮುಂಚೆ, ಮಾತು ಬಾರದ ಪ್ರಯಾಣಿಕನಿಗೆ ಈ ಕಾರು ಹೇಗೆ ಎಂದು ಒಮ್ಮೆ ನೋಡಿ. ಅದಕ್ಕೆ ಒಪ್ಪುವ ಕಾರು ಮನೆಯಲ್ಲಿ ಎಲ್ಲರಿಗೂ ಒಪ್ಪುತ್ತದೆ.