ಹರಿಗೋಲಿನಲ್ಲಿ ಆರ್ಕಿಮಿಡೀಸ್

ಈಜು ಬಾರದ ವಿಜ್ಞಾನದ ಮೇಷ್ಟ್ರು ನಾನು. ಹಲಸೂರು ಕೆರೆಯಿಂದ ಕೂಗಳತೆಯಲ್ಲಿ ಹುಟ್ಟಿ ಬೆಳೆದರೂ ಮೊಣಕಾಲಿಗಿಂತ ಮೇಲೆ ನೀರಿಗಿಳಿದವನಲ್ಲ. ಆದರೆ ಇಪ್ಪತ್ತೆಂಟು ವರ್ಷಗಳಿಂದ ಬೀಕರು, ಸ್ಪ್ರಿಂಗ್ ತಕ್ಕಡಿ, ದಾರ ಕಟ್ಟಿದ ಕಲ್ಲು ಇಟ್ಟುಕೊಂಡು ಆರ್ಕಿಮಿಡೀಸನ ತತ್ವವನ್ನು ಗಂಟಲು ಹರಿಯುವಂತೆ ಪಾಠ ಮಾಡಿದ್ದೇನೆ.

ಕಳೆದ ಮಾರ್ಚ್‌ನಲ್ಲಿ ಮಗಳು ಹೊಗೇನಕಲ್ಲಿಗೆ ಹೋಗೋಣವೆಂದು ಹಟ ಹಿಡಿದಳು. ಜೊತೆಗೆ ಅವಳ ಗೆಳತಿಯೂ ಹೊರಟಳು. ಆ ಹುಡುಗಿಯನ್ನು ಬಿಡಲು ಕೆ.ಆರ್. ಪುರದಿಂದ ಬೆಳಗಿನ ಜಾವವೇ ಬಂದ ತಾಯಿ, "ನೀರಿನ ಜಾಗ ಅಂತಾರೆ ಸಾರ್. ಮೇಷ್ಟ್ರು ಜೊತೇಲಿ ಇರ್ತೀರಲ್ಲ ಅಂತ ಧೈರ್ಯ ಮಾಡಿ ಕಳಿಸ್ತಾ ಇದೀನಿ" ಎಂದರು. ನಾನು ತಲೆಯಾಡಿಸಿದೆ. ಈಜು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಪೆನ್ನಾಗರಂ. ಅಲ್ಲಿಂದ ಮುಂದೆ ಎಲೆ ಉದುರಿಸಿಕೊಂಡ ಕುರುಚಲು ಕಾಡು, ಮುಖಕ್ಕೆ ರಾಚುವ ಬಿಸಿಗಾಳಿ. ಇಂಥ ಒಣನೆಲದ ಅಡಿಯಲ್ಲೆಲ್ಲೋ ಕಾವೇರಿ ಹರಿಯುತ್ತಿದ್ದಾಳೆಂದರೆ ನಂಬುವುದು ಕಷ್ಟ. ನದಿ ಇಲ್ಲಿ ಕರ್ನಾಟಕಕ್ಕೂ ತಮಿಳುನಾಡಿಗೂ ಗಡಿ. ಹೆಸರು ಮಾತ್ರ ಅಚ್ಚ ಕನ್ನಡದ್ದು. ಧುಮುಕುವ ನೀರಿನ ತುಂತುರು ಹೊಗೆಯಂತೆ ಏಳುವ ಕಲ್ಲು. ತುಸು ಮೇಲಕ್ಕೆ ಬಿಳಿಗುಂಡ್ಲು ಇದೆ. ತಮಿಳುನಾಡಿಗೆ ಇಷ್ಟು ಕ್ಯೂಸೆಕ್ ಹರಿಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಅಳತೆ ಅಲ್ಲಿಯದೇ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಹರಿವು ಏರಿದರೆ ಹರಿಗೋಲುಗಳನ್ನು ನಿಲ್ಲಿಸಿಬಿಡುತ್ತಾರೆ. ನಾವು ಹೋದಾಗ ನೀರು ತಗ್ಗಿ, ಕಮರಿಯ ಬಂಡೆಗಳು ಬರಿಮೈಯಲ್ಲಿ ನಿಂತಿದ್ದವು.

ಹರಿಗೋಲೆಂದರೆ ದೊಡ್ಡದೊಂದು ಬಿದಿರಿನ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಡಾಂಬರು. ನಡೆಸುವಾತ ನನಗಿಂತ ಹಿರಿಯ. ನಾನು ಹಲಸೂರಿನ ತಮಿಳಿನಲ್ಲಿ ಮಾತಾಡಿದೆ, ಅವರು ಗಡಿಯ ಕನ್ನಡದಲ್ಲಿ ಉತ್ತರಿಸಿದರು. ನನ್ನಾಕೆ ಲೈಫ್ ಜಾಕೆಟ್ಟಿನ ಬೆವರು ವಾಸನೆಗೆ ಮುಖ ಸಿಂಡರಿಸಿ ಅದನ್ನು ಪಕ್ಕಕ್ಕಿಟ್ಟಳು. ಅವರು ಹುಟ್ಟನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟರು. "ಕಟ್ಕೊಳ್ಳಿ ಅಮ್ಮಾ, ಆಮೇಲೆ ಹೊರಡೋದು."

ಭಯ ಮರೆಯಲು ನಾನು ಲೆಕ್ಕಕ್ಕೆ ಶರಣಾದೆ. ಐವರು, ಹರಿಗೋಲಿನದೂ ಸೇರಿ ಒಟ್ಟು 400 ಕಿಲೋ ಎಂದಿಟ್ಟುಕೊಳ್ಳಿ. ತೇಲಬೇಕಾದರೆ ಅಷ್ಟೇ ತೂಕದ ನೀರು, ಅಂದರೆ 400 ಲೀಟರು, ಪಕ್ಕಕ್ಕೆ ಸರಿಯಬೇಕು. ಎಂಟು ಅಡಿ ಅಗಲದ ಚಪ್ಪಟೆ ಬುಡವಾದರೆ ಅದು ಒಂಬತ್ತು ಸೆಂಟಿಮೀಟರು ಮುಳುಗಿದರೆ ಸಾಕು! ಬಂಡೆಗಳ ನಡುವಿನ ತೆಳುನೀರಿನಲ್ಲಿ ದೋಣಿ ಸಿಕ್ಕಿಬೀಳುವ ಕಡೆ ಹರಿಗೋಲು ಜಾರಿಕೊಂಡು ಹೋಗುವುದು ಇದರಿಂದಲೇ. ಆದರೆ ಅದಕ್ಕೆ ಮೂತಿಯಿಲ್ಲ, ಬೆನ್ನೆಲುಬಿಲ್ಲ. ಒಂದು ಬದಿಯಲ್ಲಿ ಹುಟ್ಟು ಹಾಕಿದರೆ ಬುಗುರಿಯಾಗುತ್ತದೆ. ಅವರು ಮುಂಭಾಗದಲ್ಲಿ ಕುಳಿತು ನೀರನ್ನು ತಮ್ಮತ್ತ ಎಳೆಯುತ್ತಿದ್ದರು. ಯಾಕೆ ಎಂದೆ. "ಹಿಂದಿನಿಂದ ನೂಕಿದರೆ ಮಾತು ಕೇಳಲ್ಲ ವಾಧ್ಯಾರೇ. ಮುಂದಿನಿಂದ ಎಳೀಬೇಕು." ಬಲ, ಭ್ರಮಣೆ ಎಂದು ಎರಡು ಪೀರಿಯಡ್ಡು ತೆಗೆದುಕೊಳ್ಳುತ್ತಿದ್ದೆ ನಾನು.

ಕಮರಿಯೊಳಗೆ ಸದ್ದಡಗಿತು. ಇಕ್ಕೆಲದಲ್ಲೂ ಕಲ್ಲಿನ ಗೋಡೆ, ಮೇಲೆ ಪಟ್ಟಿಯಷ್ಟೇ ಆಕಾಶ. ಹೊಗೇನಕಲ್ಲಿನ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆ ಸುಮಾರು 240 ಕೋಟಿ ವರ್ಷ ಹಳೆಯದು. ಅದನ್ನು ಮಕ್ಕಳಿಗೆ ಹೇಳುತ್ತಿದ್ದಾಗ ಗೆಳತಿ ನಡುವೆ ಬಾಯಿ ಹಾಕಿದಳು. "ಅಂಕಲ್, ನಿಮಗೆ ಈಜು ಬರುತ್ತಾ?"

ಇಲ್ಲ ಎಂದೆ. ಅವಳು ಹರಿಗೋಲಿನ ಅಂಚು ಹಿಡಿದುಕೊಂಡಳು.

ಆಗ ನನಗೆ ಆ ಹುಡುಗ ನೆನಪಾದ. ಹದಿನೈದು ವರ್ಷ ಆಗಿರಬಹುದು. ಒಂಬತ್ತನೆಯ ತರಗತಿ. ಒಂದು ಭಾನುವಾರ ಗೆಳೆಯರ ಜೊತೆ ಊರಾಚೆಯ ಕಲ್ಲುಕ್ವಾರಿಯ ಹೊಂಡಕ್ಕೆ ಹೋದವನು ಬರಲಿಲ್ಲ. ಕ್ವಾರಿಗೆ ಕೆರೆಯಂತೆ ಇಳಿಜಾರಿಲ್ಲ. ಕಾಲಿಟ್ಟರೆ ನೇರ ಆಳ. ಸೋಮವಾರ ನನ್ನ ಮೇಜಿನ ಮೇಲೆ ತಿದ್ದಿಟ್ಟ ಕಿರುಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು. ಆರ್ಕಿಮಿಡೀಸನ ತತ್ವಕ್ಕೆ ಅವನು ಐದಕ್ಕೆ ಐದು ಪಡೆದಿದ್ದ. ಕೆಂಪು ಶಾಯಿಯಲ್ಲಿ 'ಭೇಷ್' ಎಂದೂ ಬರೆದಿದ್ದೆ.

ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ಮನುಷ್ಯನ ದೇಹ ನೀರಿನಲ್ಲಿ ತೇಲಿಯೂ ತೇಲದಂತಿರುತ್ತದೆ. ಗಾಬರಿಯಲ್ಲಿ ಕೈ ಮೇಲೆತ್ತಿದರೆ, ಎತ್ತಿದಷ್ಟೂ ಮುಖ ಕೆಳಗಿಳಿಯುತ್ತದೆ. ಬಾಯಿ ಮೂಗು ನೀರಿನ ಮೇಲಿರಲು ಬೇಕಾಗುವುದು ನಾಲ್ಕೈದು ಕಿಲೋದಷ್ಟು ಹೆಚ್ಚಿನ ಆಸರೆ, ಆ ಬೆವರು ನಾರುವ ಜಾಕೆಟ್ಟು ಕೊಡುವಷ್ಟು. ಇದೂ ಅದೇ ಪಾಠ. ಬೀಕರಿನ ಮುಂದೆ ನಿಂತು ಇದನ್ನು ನಾನು ಹೇಳಿಯೇ ಇರಲಿಲ್ಲ. ಈಗ ಹೇಳಿದೆ. ಹುಡುಗಿಯರಿಬ್ಬರೂ ಮರುಮಾತಿಲ್ಲದೆ ತಮ್ಮ ಪಟ್ಟಿಗಳನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

ರಾತ್ರಿ ಆ ತಾಯಿಗೆ ಮಗಳನ್ನು ಒಪ್ಪಿಸಿ, ನನಗೆ ಈಜು ಬರುವುದಿಲ್ಲವೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಬೆಳಿಗ್ಗೆ ಹೇಳಬೇಕಾಗಿತ್ತು ಸಾರ್" ಎಂದರು. ಹೌದು, ಹೇಳಬೇಕಾಗಿತ್ತು.

ಏಪ್ರಿಲ್‌ನಲ್ಲಿ ನಾವು ಮೂವರೂ, ನಾನು ಮತ್ತು ಆ ಹುಡುಗಿಯರು, ಈಜುಕೊಳಕ್ಕೆ ಸೇರಿದೆವು. ಅವರು ಆಗಲೇ ಅಗಲಕ್ಕೆ ದಾಟುತ್ತಾರೆ. ಕಲಿಸುವ ಹುಡುಗನಿಗೆ ನನ್ನ ಅರ್ಧ ವಯಸ್ಸು. "ಕಂಬಿ ಬಿಡಿ ಸಾರ್, ನೀರು ಹಿಡ್ಕೊಳ್ಳುತ್ತೆ" ಎನ್ನುತ್ತಾನೆ. ಒಂದು ಕೈ ಬಿಟ್ಟಿದ್ದೇನೆ.