ಬ್ಯಾಟರಿ ಸತ್ತಿರಲಿಲ್ಲ

ನಮ್ಮ ಯಜಮಾನರಿಗೆ ಲಾಡ್ಜ್ ಅಂದರೆ ಆಗದು. ಅದಕ್ಕೇ ಹಳೆಯ ವ್ಯಾನೊಂದರ ಹಿಂದಿನ ಸೀಟು ಮಡಚಿ ಹಲಗೆ ಹಾಸಿದರು. 100 ಆಂಪಿಯರ್-ಅವರ್ ಬ್ಯಾಟರಿ, ಸಣ್ಣ ಇನ್ವರ್ಟರ್, ಮೇಲೆ ಸೋಲಾರ್ ಪ್ಯಾನೆಲ್ ಕೂಡಿಸಿದರು. ಎಲ್ಲಾ ಯೂಟ್ಯೂಬ್ ನೋಡಿಯೇ. ಯಾದಗಿರಿಯ ಬಿಸಿಲು ಪುಕ್ಕಟೆ ಹೋಗಬಾರದು ಅನ್ನೋದು ಅವರ ವಾದ. ನನ್ನ ಚಿಂತೆ ಒಂದೇ ಇತ್ತು: ಅತ್ತೆಯ ನೆಬ್ಯುಲೈಸರ್ ನಡೀಬೇಕು. ಅವರಿಗೆ ಅಸ್ತಮಾ. ದೂಳು ತಾಗಿದರೆ ರಾತ್ರಿ ಉಸಿರು ಸಿಗೋದಿಲ್ಲ.

ಮನೆ ಮುಂದೆ ನಿಲ್ಲಿಸಿ ನೋಡಿದಾಗ ಫ್ಯಾನ್, ಲೈಟ್ ಎರಡೂ ಚೆನ್ನಾಗಿ ನಡೆದವು. ನೆಬ್ಯುಲೈಸರ್ ಹಚ್ಚಿದ ಕೂಡಲೇ ಲೈಟ್ ಒಮ್ಮೆ ಮಂದ ಆಯ್ತು. “ಯಾಕ್ರೀ ಹಿಂಗ?” ಅಂದೆ. “ಹಂಗ ಆಗ್ತದ, ಸುಮ್ಕಿರು” ಅಂದರು. ಎರಡು ನಿಮಿಷ ನಡೆಸಿ ಬಂದ್ ಮಾಡಿದೆವು. ಸುಮ್ಮನಿದ್ದೆ. ಅದೇ ತಪ್ಪು.

ತಿಂಥಣಿ ಮೌನೇಶ್ವರನ ಜಾತ್ರೆಗೆ ಹೊರಟೆವು. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ನೋಡಿ, ಸುರಪುರದಲ್ಲಿ ಊಟ ಮಾಡಿ, ಸಂಜೆಗೆ ಕೃಷ್ಣೆಯ ದಂಡೆ ಮುಟ್ಟಿದೆವು. ಜಾತ್ರೆಯ ದೂಳು ಕೇಳಬೇಕೇ? ರಾತ್ರಿ ಒಂದು ಗಂಟೆಗೆ ಅತ್ತೆ ಎದ್ದು ಕೂತರು. ಎದೆಯಲ್ಲಿ ಸುಂಯ್ ಸುಂಯ್ ಸದ್ದು. ನೆಬ್ಯುಲೈಸರ್ ಹಚ್ಚಿದರೆ ಇನ್ವರ್ಟರ್ ಕೀಂ ಅಂತ ಕೂಗಿ ಆರಿತು. ಮತ್ತೆ ಹಚ್ಚಿದರೆ ಮತ್ತೆ ಅದೇ. ಬ್ಯಾಟರಿಯ ಮೀಟರ್ ಮಾತ್ರ 12.6 ವೋಲ್ಟ್ ತೋರಿಸುತ್ತಿತ್ತು! ಕಡೆಗೆ ಜನರೇಟರ್ ಇದ್ದ ಒಂದು ಚಹಾದಂಗಡಿಗೆ ಅತ್ತೆಯನ್ನು ನಡೆಸಿಕೊಂಡು ಹೋದೆವು. ಅಲ್ಲಿಗೆ ಇನ್ನೂರು ಹೆಜ್ಜೆ ಇದ್ದಿರಬಹುದು, ನಾಲ್ಕು ಕಡೆ ನಿಂತರು. ಅಂಗಡಿಯವರು ಒಂದು ಮಾತೂ ಕೇಳದೆ ಪ್ಲಗ್ ಬಿಟ್ಟುಕೊಟ್ಟರು.

ಮರುದಿನ ವಾಪಸ್ ಬರುವಾಗ ಶಹಾಪುರದಲ್ಲಿ ಯಜಮಾನರು ಹೊಸ ಬ್ಯಾಟರಿಗೆ ರೇಟ್ ಕೇಳುತ್ತಿದ್ದರು. ನಾನು ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯ ಹಿರಿಯರ ಹತ್ತಿರ ಹೋಗಿ ಲೈಟ್ ಮಂದ ಆಗುವ ವಿಷಯ ಹೇಳಿದೆ. “ಲೈಟಿನ ಮೈನಸ್ ಎಲ್ಲಿ ಕಟ್ಟೀರಿ ತಂಗಿ?” ಅಂತ ಕೇಳಿದರು. ಇನ್ವರ್ಟರಿನದೂ ಲೈಟಿನದೂ ಬಾಡಿಗೆ ಹಾಕಿದ ಒಂದೇ ಬೋಲ್ಟಿಗೆ, ಅಂದೆ.

ಅವರು ಮೀಟರ್ ತಂದರು. ಲೋಡ್ ಇಲ್ಲದಾಗ ನೋಡಿದರೆ ಏನೂ ತಿಳಿಯೋದಿಲ್ಲವಂತೆ. ನೆಬ್ಯುಲೈಸರ್ ಹಚ್ಚಿಸಿ, ಇನ್ವರ್ಟರ್ ಕೂಗುವ ಆ ನಾಲ್ಕಾರು ಸೆಕೆಂಡಿನಲ್ಲೇ ಒಂದೊಂದು ಕಡೆ ಹಿಡಿದರು. ಬ್ಯಾಟರಿಯ ತುದಿಯಲ್ಲಿ 12.2, ಇನ್ವರ್ಟರಿನ ತುದಿಯಲ್ಲಿ 10.4. ಇನ್ವರ್ಟರ್ 10.5ಕ್ಕೆ ಬಂದ್ ಆಗುವಂಥದ್ದು. ನಡುವೆ 1.8 ವೋಲ್ಟ್ ಎಲ್ಲಿ ಹೋಯ್ತು? ಪ್ಲಸ್ ವೈರಿನ ಈ ತುದಿಯಿಂದ ಆ ತುದಿಗೆ ಹಿಡಿದರೆ 0.2. ಮೈನಸ್ ಕಡೆ ಹಿಡಿದರೆ 1.6! ಬೋಲ್ಟ್ ಮುಟ್ಟಿದ ಯಜಮಾನರು ಕೈ ಹಿಂದೆಳೆದುಕೊಂಡರು, ಅಷ್ಟು ಬಿಸಿ.

ಬಿಚ್ಚಿದರೆ ಕೆಳಗೆ ಬಣ್ಣ ಹಾಗೇ ಇತ್ತು. ಕೆರೆಯದೆ ಬಿಗಿದಿದ್ದರು ನಮ್ಮವರು. ಫ್ಯಾನ್, ಲೈಟಿಗೆ ಬೇಕಾದದ್ದು ಒಂದೆರಡು ಆಂಪಿಯರ್, ಅದು ಹೇಗೋ ಹರಿಯುತ್ತಿತ್ತು. ನೆಬ್ಯುಲೈಸರಿಗೆ 12 ವೋಲ್ಟಿನ ಕಡೆಯಿಂದ 12-13 ಆಂಪಿಯರ್ ಬೇಕು, ಶುರುವಾಗುವಾಗ ಇನ್ನೂ ಹೆಚ್ಚು. ಅಷ್ಟು ಹರಿಯೋಕೆ ದಾರಿ ಇರಲಿಲ್ಲ.

ಹಿರಿಯರು ಬಾಡಿಯ ಹಂಗೇ ಬೇಡ ಅಂತ ದಪ್ಪ ತಾಮ್ರದ ವೈರನ್ನು ಬ್ಯಾಟರಿಯ ಮೈನಸ್‌ನಿಂದ ಇನ್ವರ್ಟರಿಗೆ ನೇರ ಎಳೆದರು. ಪ್ಲಸ್ ಕಡೆ ಬ್ಯಾಟರಿಗೆ ಹತ್ತಿ ಫ್ಯೂಸ್ ಇದೆಯೋ ಇಲ್ಲವೋ ಅದನ್ನೂ ನೋಡಿದರು. ಇತ್ತು ಪುಣ್ಯಕ್ಕೆ. ವೈರಿನ ದುಡ್ಡಷ್ಟೇ ತೊಗೊಂಡರು. ಹೊಸ ಬ್ಯಾಟರಿಯ ಮಾತು ಅಲ್ಲಿಗೇ ನಿಂತಿತು. ಯಜಮಾನರು ಯಾದಗಿರಿ ಬರುವ ತನಕ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, “ನೀ ಅವತ್ತ ಲೈಟ್ ಅಂದಿದ್ದಿ ನೋಡು” ಅಂದರು. ಅಷ್ಟೇ.

ಹೋದ ತಿಂಗಳು ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗಿದ್ದೆವು. ಅತ್ತೆಯ ಇನ್‌ಹೇಲರನ್ನು ಮರೆಯದೆ ಚೀಲದಲ್ಲಿ ಇಟ್ಟುಕೊಂಡಿದ್ದೆ, ವ್ಯಾನನ್ನೊಂದೇ ನಂಬೋದು ಈಗ ನನ್ನಿಂದಾಗದು. ರಾತ್ರಿ ನೆಬ್ಯುಲೈಸರ್ ಹದಿನೈದು ನಿಮಿಷ ಗುರ್ ಅಂತ ನಡೆಯಿತು. ನಾನು ಲೈಟನ್ನೇ ನೋಡುತ್ತಾ ಕೂತಿದ್ದೆ. ಅತ್ತೆ ಮಾಸ್ಕ್ ತೆಗೆದು, “ಆ ಫ್ಯಾನ್ ಆರಿಸವ್ವ, ಥಂಡಿ ಆಗ್ತದ” ಅಂದರು.