ಹಳೆಯ ತಂತಿಯ ದಾರಿ

ಕಣ್ಣಿಗೆ ಕಾಣದಂತೆ ಮುಚ್ಚಿಡುವುದೇ ಚೆಲುವು ಎಂದು ಈ ಕಾಲ ತೀರ್ಮಾನಿಸಿದಂತಿದೆ. ವಿದ್ಯುತ್ತಿನ ತಂತಿ ಗೋಡೆಯೊಳಗೆ ಸೇರಿತು, ನೀರಿನ ಕೊಳವೆ ನೆಲದೊಳಗೆ ಸೇರಿತು. ಈಗ ಹುಡುಗರು ರೋಡ್ ಬೈಕ್ ಎಂದು ಕರೆಯುವ ಹಗುರ ಸೈಕಲ್ಲಿನ ಗೇರ್ ಕೇಬಲ್ಲೂ ಫ್ರೇಮಿನ ಹೊಟ್ಟೆಯೊಳಗೆ ಅಡಗಿ ಕುಳಿತಿದೆ. ಹೊರಗಿದ್ದಾಗ ಅದು ಬಟ್ಟೆ ಒಣಹಾಕುವ ತಂತಿಯಂತೆ ಕಾಣುತ್ತಿದ್ದುದು ನಿಜ. ಆದರೆ ಬದಲಾಯಿಸುವುದು ಹತ್ತೇ ನಿಮಿಷದ ಕೆಲಸವಾಗಿತ್ತು. ಒಳಗೆ ಹೋದ ಮೇಲೆ ಅದಕ್ಕೆ ಸುಖ, ರಿಪೇರಿಯವನಿಗೆ ಕಷ್ಟ.

ವಸ್ತುವೇನೋ ಅಲ್ಪವೇ. ಉಕ್ಕಿನ ಎಳೆಗಳನ್ನು ಹೊಸೆದ, 1.2 ಮಿಲಿಮೀಟರು ದಪ್ಪದ ತಂತಿ. ಕವಚದೊಳಗೆ ತಂತಿ ಓಡಿಸಿ ದೂರದ ಕೆಲಸ ಮಾಡಿಸುವ ಉಪಾಯಕ್ಕೆ ಬೌಡನ್ ಎಂಬಾತ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟು ಪಡೆದ. ತತ್ತ್ವ ಇಂದಿಗೂ ಅದೇ. ನನ್ನ ಸೈಕಲ್ಲಿನಲ್ಲಿ ಒಂದು ಗೇರು ಬದಲಾಗಲು ತಂತಿ ಸರಿಯುವುದು 2ರಿಂದ 3 ಮಿಲಿಮೀಟರು ಮಾತ್ರ. ಆ ಲೆಕ್ಕ ಸ್ವಲ್ಪ ತಪ್ಪಿದರೂ ಚೈನು ಎರಡು ಹಲ್ಲುಚಕ್ರಗಳ ನಡುವೆ ನಿಂತು ಗೊಣಗುತ್ತದೆ. ತಂತಿ ಹರಿದೇ ಹೋಯಿತೋ, ಹಿಂದಿನ ಸ್ಪ್ರಿಂಗು ಚೈನನ್ನು ಎಲ್ಲಕ್ಕಿಂತ ಚಿಕ್ಕ ಚಕ್ರಕ್ಕೆ ಎಳೆದು ಹಾಕುತ್ತದೆ. ತುಳಿಯಲು ಅದೇ ಎಲ್ಲಕ್ಕಿಂತ ಭಾರ. ಚಾಮುಂಡಿ ಬೆಟ್ಟದ ಅರ್ಧದಲ್ಲಿ ಹಾಗಾದರೆ, ನಲವತ್ತು ದಾಟಿದ ಅಧ್ಯಾಪಕ ಸೈಕಲ್ಲನ್ನು ತಳ್ಳಿಕೊಂಡೇ ದೇವಿಯ ದರ್ಶನಕ್ಕೆ ಹೋಗಬೇಕು.

ಗೊಣಗಾಟ ಹೆಚ್ಚಾದಾಗ ಸೈಕಲ್ಲನ್ನು ರಿಪೇರಿ ಅಂಗಡಿಗೆ ಒಯ್ದೆ. ಯಜಮಾನರು ಹಿಂದೆ ಪಂದ್ಯದ ಹುಡುಗರ ಸೈಕಲ್ಲುಗಳನ್ನು ನೋಡಿಕೊಳ್ಳುತ್ತಿದ್ದವರು. ಬೆರಳಿನಿಂದಲೇ ತಂತಿಯನ್ನು ಮುಟ್ಟಿ ನೋಡಿ, "ಬದಲಾಯಿಸಬೇಕು ಮೇಷ್ಟ್ರೇ. ಆದರೆ ನನ್ನ ಕಣ್ಣು ಮಂಜು. ಕೆಲಸದ ಹುಡುಗ ಮೊಬೈಲ್ ಅಂಗಡಿ ಸೇರಿಕೊಂಡ. ನೀವೇ ಮಾಡಿ, ನಾನು ಹೇಳ್ತೀನಿ" ಎಂದರು.

ಅವರು ಹೇಳಿದ ಮೊದಲ ಮಾತು ಇದು: "ಹಳೇದನ್ನ ಮೊದಲೇ ಎಳೆದುಹಾಕಬೇಡಿ. ಎಳೆದರೆ ದಾರಿ ಹೋಯ್ತು."

ಫ್ರೇಮಿನೊಳಗೆಲ್ಲ ಕತ್ತಲೆ. ತಂತಿ ಮುಂದಿನ ರಂಧ್ರದಲ್ಲಿ ಹೊಕ್ಕು, ಪೆಡಲಿನ ಅಚ್ಚಿನ ಕೆಳಗೆ ತಿರುಗಿ, ಹಿಂಚಕ್ರದ ಬಳಿಯ ಸಣ್ಣ ರಂಧ್ರದಲ್ಲಿ ಹೊರಬರಬೇಕು. ದಾರಿ ತಪ್ಪಿದರೆ ಅಯಸ್ಕಾಂತ ಹಿಡಿದು ಗಂಟೆಗಟ್ಟಲೆ ಹುಡುಕಾಟ. ಅದಕ್ಕೇ ಈ ಉಪಾಯ: ಹಿಂದಿನ ಬೋಲ್ಟು ಸಡಿಲಿಸಿ, ತುದಿಯ ಟೋಪಿ ತೆಗೆದು, ತಂತಿಗಿಂತ ಕೂದಲೆಳೆಯಷ್ಟು ಅಗಲವಾದ ಪ್ಲಾಸ್ಟಿಕ್ ಕೊಳವೆಯನ್ನು ಹಳೆಯ ತಂತಿಯ ಮೇಲೆಯೇ ಏರಿಸುತ್ತ ಹೋದೆ. ಅದು ಮುಂದಿನ ರಂಧ್ರದಲ್ಲಿ ತಲೆಹಾಕಿದ ಮೇಲೆ ಹಳೆಯ ತಂತಿಯನ್ನು ಹ್ಯಾಂಡಲಿನ ಕಡೆಯಿಂದ ಎಳೆದು ತೆಗೆದೆ. ಕೊಳವೆ ಒಳಗೇ ಉಳಿಯಿತು. ಹೊಸ ತಂತಿ ಅದರೊಳಗೆ ನಿರಾಯಾಸವಾಗಿ ಹಾದು ಬಂತು. ಕೊನೆಗೆ ಕೊಳವೆಯನ್ನೂ ಹಿಂದಿನಿಂದ ಜಾರಿಸಿ ತೆಗೆದದ್ದಾಯಿತು.

ಪಾಯಜಾಮದ ಹಳೆಯ ಲಾಡಿಯ ತುದಿಗೆ ಹೊಸ ಲಾಡಿಯನ್ನು ಗಂಟು ಹಾಕಿ ಎಳೆಯುವ ಪ್ರತಿ ತಾಯಿಗೂ ಈ ವಿದ್ಯೆ ಗೊತ್ತು. ಮಗ್ಗದ ಮುಂದೆ ಕುಳಿತು, ಮುಗಿಯುತ್ತಿರುವ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಸೇರಿಸುವ ನೇಕಾರನಿಗೂ ಗೊತ್ತು.

"ಇನ್ನೊಂದು ಮಾತು," ಎಂದರು ಯಜಮಾನರು. "ತಂತಿ ಗಟ್ಟಿ ಇರೋವಾಗಲೇ ಮಾಡಬೇಕು. ಎಳೆ ಬಿಚ್ಚಿಕೊಂಡ ಮೇಲೆ ಕೊಳವೆ ಏರೋದಿಲ್ಲ."

ನನಗೆ ನನ್ನ ಕಸುಬು ನೆನಪಾಯಿತು. ಕಂದಪದ್ಯವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎಂಬುದು ಬಾಯಿಂದ ಕಿವಿಗೆ ಬರುವ ವಿದ್ಯೆ. ಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಹೊಸಬರು ಬರುವುದು ಎಷ್ಟೋ ವರ್ಷಗಳ ಮೇಲೆ. ಇಬ್ಬರೂ ಒಂದು ದಿನವಾದರೂ ಒಂದೇ ತರಗತಿಯಲ್ಲಿ ನಿಲ್ಲುವುದಿಲ್ಲ. ಹೊಸಬರು ಕತ್ತಲೆಯಲ್ಲಿ ತಡಕಾಡುತ್ತಾರೆ. ನಾವು ಅವರಿಗೆ ಹಳಗನ್ನಡ ಬಾರದೆಂದು ದೂರುತ್ತೇವೆ.

ಬೋಲ್ಟು ಬಿಗಿದ ಮೇಲೆ ಯಜಮಾನರು ಪೆಡಲು ತಿರುಗಿಸಲು ಹೇಳಿ, ತಲೆ ವಾಲಿಸಿ ಕೇಳಿದರು. "ತಿರುಪನ್ನ ಇನ್ನೂ ಕಾಲು ಸುತ್ತು." ತಿರುಗಿಸಿದೆ. ಗೊಣಗಾಟ ನಿಂತಿತು. ದುಡ್ಡು ಎಣಿಸಿಕೊಳ್ಳುತ್ತ ಅವರೆಂದರು:

"ಮುಂದಿನ ಸಲ ಕಾಲೇಜಿನ ಹುಡುಗನೊಬ್ಬನನ್ನ ಕರಕೊಂಡು ಬನ್ನಿ ಮೇಷ್ಟ್ರೇ. ನಿಮಗೂ ಆಗಲೇ ಕನ್ನಡಕ ಬಂದಿದೆ."